ಕೊನೆಯ ಗೊಟ್ಟ

ಎಂಬತ್ತು ಕುರಿಗಳಿಗೂ ಜಂತಿನ ಔಷಧ ಹೊಯ್ದು ಮುಗಿಸಿ ಕೈ ತೊಳೆಯುತ್ತ ಕೂತಾಗ ಸಾವಂತ್ರೆವ್ವನಿಗೆ ಜನ್ಮದಲ್ಲಿ ಮೊದಲ ಸಲ ತಾನು ಗೆದ್ದೆ ಅನ್ನಿಸಿತ್ತು. ಬೆನ್ನು ಹಿಡಿದುಕೊಂಡಿತ್ತು, ತೊಡೆಯ ಒಳಮೈ ಉಣ್ಣೆ ಉಜ್ಜಿ ಉಜ್ಜಿ ಉರಿಯುತ್ತಿತ್ತು, ಸೀರೆಗೆಲ್ಲ ಕುರಿಯ ಜೊಲ್ಲು. ಆದರೂ ಅದೇನು ಹಗುರ, ಅದೇನು ಹಮ್ಮು! ಒಬ್ಬಳೇ ಹೆಂಗಸು ಒಂದೊಂದೇ ಕುರಿಯನ್ನು ಕಾಲ ಸಂದಿಯಲ್ಲಿ ಸಿಕ್ಕಿಸಿ, ಎಡಗೈಲಿ ದವಡೆ ಅಗಲಿಸಿ, ಬಲಗೈಲಿ ಔಷಧ ತುಂಬಿದ ಬಿದಿರಿನ ಗೊಟ್ಟ ಬಾಯಿಗಿಳಿಸಿ, ಮುಗಿದ ಕುರಿಯ ನೆತ್ತಿಗೆ ಕೆಮ್ಮಣ್ಣಿನ ಬೊಟ್ಟಿಟ್ಟು ಆಚೆ ನೂಕಿದ್ದಳು. ಯರಗುಪ್ಪಿಯ ಅಂದಾನೆಪ್ಪ ಸಾವ್ಕಾರನ ಎರೆಹೊಲದಲ್ಲಿ, ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ ಹಟ್ಟಿಯ ತುಂಬ, ಈಗ ಎಂಬತ್ತು ಕೆಂಪು ಬೊಟ್ಟುಗಳು ಓಡಾಡುತ್ತಿದ್ದವು. ಮಾವ ಬೀರಲಿಂಗಪ್ಪ ಬೆಳಗಿನಿಂದ ಜಾಲಿಮರದ ಬುಡದಲ್ಲಿ ಇತ್ತ ಬೆನ್ನು ಮಾಡಿ ಕದಿರು ತಿರುಗಿಸುತ್ತ ಕೂತವನು ಒಂದು ಕುರಿಯ ಕಿವಿಯನ್ನೂ ಹಿಡಿದುಕೊಟ್ಟಿರಲಿಲ್ಲ. "ಔಷಧ ಸರಕಾರದ್ದು, ಸೊಸಿ ರೈಲ್ವೆದವರ ಮನಿಯಾಕಿ. ನಡುವ ನಂದೇನ ಕೆಲಸ?" ಅಂದಿದ್ದ. ಅನ್ನಲಿ. ಹೋದ ವರ್ಷ ಗದ್ದ ಬಾತು ಬಾತು ಇಪ್ಪತ್ತಮೂರು ಕುರಿ ಸತ್ತಾಗ ಇದೇ ಮಾವ ಬೇರು ನಾರು ಅರೆದು ಹಾಕಿ ಹಾಕಿ, ಕೊನೆಗೆ ಮೈಲಾರಲಿಂಗನ ಮುನಿಸು ಎಂದು ಕೈಚೆಲ್ಲಿದ್ದ. ಆಗ ಯಾರಿಗೂ ಹೇಳದೆ ಬಸ್ಸು ಹತ್ತಿ ಕುಂದಗೋಳದ ದನದ ದವಾಖಾನೆಯ ಮೆಟ್ಟಿಲೇರಿದವಳು ಅವಳು. ಅಲ್ಲಿಂದ ಇಲ್ಲಿಗೆ, ಈ ಗೊಟ್ಟ ಅವಳ ಕೈಗೆ ಬರುವುದಕ್ಕೆ, ಒಂದು ವರ್ಷ ಹಿಡಿದಿತ್ತು. ನಾಳೆ ಗಂಡ ತಿರಕಪ್ಪ ನವಲಗುಂದದ ಕಡೆಯಿಂದ ಮೂವತ್ತು ಟಗರು ಹೊಡಕೊಂಡು ಬರುತ್ತಾನೆ; ಅವಕ್ಕೂ ತಾನೇ ಹಾಕುವವಳು.

ಹಾಗೆಂದುಕೊಂಡು ತಲೆ ಎತ್ತಿದಳು. ಹಟ್ಟಿಯ ತಡಿಕೆಯ ಹತ್ತಿರ ಹಂಡ್ಯಾ ನಿಂತಿತ್ತು. ಕಪ್ಪು ಬಿಳುಪು ಮೈಯ, ಕರುವಿನಷ್ಟು ಎತ್ತರದ ನಾಯಿ. ಬೀರಲಿಂಗಪ್ಪನ ಕಂಬಳಿಯ ಮೇಲೆ ಕೂರುವ ಹಕ್ಕಿದ್ದ ಏಕೈಕ ಪ್ರಾಣಿ. ಅದರ ತುಟಿಯಿಂದ ಒಂದು ಎಳೆ ಜೊಲ್ಲು ಇಳಿದು, ಕಡಿಯದೆ, ನೆಲದವರೆಗೂ ತೂಗುತ್ತಿತ್ತು. ಬಿಸಿಲಿಗೆ ಇರಬಹುದು ಅಂದುಕೊಂಡಳು. ಹಿಂದಿನ ಎಡಗಾಲು ಸಣ್ಣಗೆ ನಡುಗುತ್ತಿತ್ತು. ನೊಣ ಕೂತರೆ ನಡುಗುತ್ತದಲ್ಲ ಹಾಗೆ. ಆದರೆ ನೊಣ ಇರಲಿಲ್ಲ.

ಹಟ್ಟಿಯಲ್ಲಿ ಏನು ಹಂಚಿದರೂ ಕೊನೆಯ ಪಾಲು ನಾಯಿಯದು. ಕೊನೆಯ ರೊಟ್ಟಿ, ಗಡಿಗೆಯ ತಳದ ಅಂಬಲಿ, ಮೈಲಾರಲಿಂಗನ ಭಂಡಾರದ ಕೊನೆಯ ಚಿಟಿಕೆ ಕೂಡ ನಾಯಿಯ ಹಣೆಗೆ. ಮದುವೆಯಾಗಿ ಅಳ್ನಾವರದ ರೈಲ್ವೆ ನೌಕರನ ಮನೆಯಿಂದ ಬಂದ ಹೊಸದರಲ್ಲಿ ಅವಳು ಇದನ್ನು ಮರೆತು ಗಡಿಗೆ ತೊಳೆದುಬಿಟ್ಟಿದ್ದಕ್ಕೆ ಮಾವ ಆ ಹೊತ್ತು ಉಣ್ಣದೆ ಎದ್ದು ಹೋಗಿದ್ದ. ಆಮೇಲೆ ಕೈಗೆ ಅದು ಎಷ್ಟು ರೂಢಿಯಾಯಿತೆಂದರೆ, ಯಾವ ಪಾತ್ರೆಯ ತಳ ಕಂಡರೂ ಕೈ ನಾಯಿಯನ್ನು ಹುಡುಕುತ್ತಿತ್ತು. ಇವತ್ತೂ ಅಷ್ಟೆ. ಎಂಬತ್ತನೆಯ ಕುರಿಯನ್ನು ನೂಕಿದಾಗ ಜರ್ಮನ್ ಬೋಗಾಣಿಯ ತಳದಲ್ಲಿ ಇನ್ನೊಂದು ಗೊಟ್ಟದಷ್ಟು ಉಳಿದಿತ್ತು. ಹಂಡ್ಯಾ ಕುರಿಗಳ ನಡುವೆ ತೂರಿ ಬಂದು, ನನ್ನ ಪಾಲೆಲ್ಲಿ ಎಂಬ ಹಾಗೆ, ಅವಳ ಕಾಲ ಸಂದಿಯಲ್ಲಿ ತಾನಾಗಿಯೇ ತಲೆ ತುರುಕಿತು. ಎಂಬತ್ತು ಸಲ ಆಡಿದ ಕೈ ಎಂಬತ್ತೊಂದನೆಯ ಸಲವೂ ಆಡಿತು. ದವಡೆ, ಗೊಟ್ಟ, ಗುಟುಕು. ಹಣೆಗೆ ಕೆಮ್ಮಣ್ಣು ಇಡಲು ಹೋಗಿ, ಅಯ್ಯ, ನಾಯಿಗೆ ಭಂಡಾರ ಬಿಟ್ಟು ಬೇರೆ ಬಣ್ಣ ಇಡಬಾರದು ಎಂದು ನೆನಪಾಗಿ ಬೆರಳು ಹಿಂದೆಗೆದಿದ್ದಳು. ನೋಡಿ ಮನುಷ್ಯನ ಬುದ್ಧಿ! ಬಣ್ಣ ನೆನಪಾಯಿತು, ಅಳತೆ ನೆನಪಾಗಲಿಲ್ಲ.

ಅಳತೆ ಗೊತ್ತಿರಲಿಲ್ಲವೆಂದರೆ ಒಂದು ಮಾತಿತ್ತು. ಗೊತ್ತಿತ್ತು. ದವಾಖಾನೆಯ ಕಂಪೌಂಡರ ಅಲ್ಲಾಸಾಬ ಪುಡಿಯ ಪುಡಿಕೆ ಕೊಡುವಾಗ ಎರಡೆರಡು ಸಲ ಹೇಳಿದ್ದ: ನಾಯಿಗೂ ಹಾಕಿರಿ, ನಾಯಿ ಹೊಟ್ಟೆಯ ಹುಳವೇ ಕುರಿಗೆ ಬರುತ್ತವೆ, ಆದರೆ ನಾಯಿಗೆ ಕಾಲು ಗೊಟ್ಟ ಮಾತ್ರ, ಮತ್ತೆ ಕಲಕುತ್ತಲೇ ಇರಬೇಕು, ಇಲ್ಲದಿದ್ದರೆ ಪುಡಿ ತಳಕ್ಕೆ ಕೂಡುತ್ತದೆ. ಅವಳು ಅದನ್ನು ಮನೆಗೆ ಬಂದು ಮಾವನ ಮುಂದೆ ಗಿಳಿಯ ಹಾಗೆ ಒಪ್ಪಿಸಿಯೂ ಇದ್ದಳು, ನಾಲ್ಕನೆಯ ಇಯತ್ತೆ ಓದಿದವಳ ಗತ್ತಿನಲ್ಲಿ. ಮೊದಲ ಐವತ್ತು ಕುರಿಗಳತನಕ ಕಲಕಿದಳು. ಆಮೇಲೆ ತೋಳು ಸೋತಿತು. ಕೊನೆಯ ಗೊಟ್ಟ ಸುರಿಯುವಾಗ ಅದು ನೀರಿನ ಹಾಗೆ ಇಳಿಯಲಿಲ್ಲ, ಹಿಟ್ಟಿನ ಗಂಜಿಯ ಹಾಗೆ ನಿಧಾನ ಇಳಿಯಿತು. ಅದನ್ನು ಅವಳ ಕೈ ಕಂಡಿತ್ತು. ಈಗ ಕೂತಲ್ಲೇ ಆ ಭಾರ ಮತ್ತೆ ಮಣಿಕಟ್ಟಿಗೆ ತಿಳಿಯಿತು.

ಅವಳು ಮಾಡಿದ ಮೊದಲ ಕೆಲಸವೆಂದರೆ ಬೋಗಾಣಿ ತಿಕ್ಕಿದ್ದು. ಯಾರು ಹೇಳಿದರು? ಯಾರೂ ಇಲ್ಲ. ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗಿರಲಿಲ್ಲ, ಇವಳಾಗಲೇ ಹೆಗಲು ಒರೆಸುತ್ತಿದ್ದಳು. ಬೂದಿ ಹಾಕಿ, ತೆಂಗಿನ ನಾರು ಹಾಕಿ, ತಳದಲ್ಲಿ ಅಂಟಿದ್ದ ಬಿಳಿ ಬಳಿಯನ್ನು ಉಗುರಿನಿಂದ ಕೆರೆದು, ನೀರನ್ನು ಎರೆಯ ಬಿರುಕಿಗೆ ಸುರಿದಳು. ಬಿರುಕು ಗುಟುಕ್ಕನೆ ಕುಡಿಯಿತು. ಬೋಗಾಣಿ ಬಿಸಿಲಿಗೆ ಫಳಫಳ ಹೊಳೆಯಿತು, ಎಂದೂ ಇಲ್ಲದ ಹಾಗೆ. ಅಳ್ನಾವರದ ಕನ್ನಡ ಶಾಲೆಯಲ್ಲಿ ಮಾಸ್ತರರ ಗಾಜಿನ ದೌತಿ ಒಡೆದಾಗಲೂ ಅವಳು ಹೀಗೇ ಚೂರು ಆರಿಸಿ ಕಿಟಕಿಯಾಚೆ ಎಸೆದು, ಮಸಿಯ ಕಲೆಯ ಮೇಲೆ ಪಾಟಿಚೀಲ ಎಳೆದು ಕೂತಿದ್ದಳು. ಪಕ್ಕದ ಖಾದರಬಿಯ ಲಂಗದ ಅಂಚಿಗೆ ಮಸಿ ಹತ್ತಿತ್ತು. ಖಾದರಬಿ ಕೈ ಚಾಚಿದಳು, ಛಡಿ ಬಿತ್ತು, ಆರು. ಪ್ರತಿ ಏಟಿಗೂ ಆ ಹುಡುಗಿ ಮಾಸ್ತರರನ್ನಲ್ಲ, ಸಾವಂತ್ರಿಯನ್ನು ನೋಡಿದಳು, ಹೆಸರು ಹೇಳಲಿಲ್ಲ. ಮರುದಿನ ಎಂದಿನಂತೆ ಅರ್ಧ ಪೇರಲಹಣ್ಣು ಕೊಟ್ಟಳು. ಆ ಪೇರಲದ ಬೀಜ ಇಪ್ಪತ್ತು ವರ್ಷದಿಂದ ಹಲ್ಲಿನ ಸಂದಿಯಲ್ಲಿದೆ. ಹಂಡ್ಯಾ ಈಗ ಓಕರಿಸುತ್ತಿತ್ತು. ಏನೂ ಬರುತ್ತಿರಲಿಲ್ಲ.

"ಹಂಡ್ಯಾಗೇನಾತು?" ಬೀರಲಿಂಗಪ್ಪ ಕದಿರು ನಿಲ್ಲಿಸಿ ತಿರುಗಿದ.

"ಬಿಸಲಿಗೇನೋರಿ ಮಾವಾ," ಅಂದಳು. ಬಾಯಿ ಎಷ್ಟು ಸಲೀಸಾಗಿ ಅಂದುಬಿಟ್ಟಿತು!

ಮುದುಕ ಬಂದು ನಾಯಿಯ ತಲೆಗೆ ನೀರು ಚಿಮುಕಿಸಿದ, ತನ್ನ ಕಂಬಳಿಯನ್ನು ತಡಿಕೆಗೆ ಹೊದಿಸಿ ನೆರಳು ಮಾಡಿದ. "ಏನಾತೋ ಮಗನ, ಏನ ತಿಂದೀ," ಎಂದು ಅದರ ಕಿವಿಯ ಹಿಂದೆ ತುರಿಸಿದ. ಸ್ವಂತ ಮಗನನ್ನು ಅವನು ಈ ದನಿಯಲ್ಲಿ ಕರೆದದ್ದನ್ನು ಅವಳು ಕೇಳಿರಲಿಲ್ಲ. ಅವಳು ಪಕ್ಕದಲ್ಲೇ ನೀರಿನ ಕೊಡ ಹಿಡಿದು ನಿಂತಿದ್ದಳು, ಅಗದಿ ಒಳ್ಳೆಯ ಸೊಸೆಯ ಹಾಗೆ. ಹೇಳಿಬಿಡಲೇ? ಹೇಳಿದರೆ ಏನಾಗುತ್ತದೆ ಎಂಬುದು ಕಣ್ಣಿಗೆ ಕಟ್ಟಿದಂತಿತ್ತು. ಮಾವ ಬೈಯುವುದಿಲ್ಲ. ಬೈದರೆ ತಡಕೊಳ್ಳಬಹುದು. ಅವನು ಗೊಟ್ಟವನ್ನು ಅವಳ ಕೈಯಿಂದ ತೆಗೆದುಕೊಂಡು, ತನ್ನ ಸೊಂಟಕ್ಕೆ ಸಿಕ್ಕಿಸಿ, ಏನೂ ಅನ್ನದೆ ಹೋಗಿ ಕೂಡುತ್ತಾನೆ. ಅಷ್ಟೆ. ಮುಂದಿನ ವರ್ಷ ಮತ್ತೆ ಬೇರು ನಾರು, ಮತ್ತೆ ಬಾತ ಗದ್ದಗಳು, ಮತ್ತೆ ಮೈಲಾರಲಿಂಗನ ಮುನಿಸು. ಸಂತೆಯಲ್ಲಿ, ನೀರಿನ ಹತ್ತಿರ, ಎಲ್ಲ ಕಡೆ: ರೈಲ್ವೆದಾಕಿ ಓದಿದಾಕಿ ಅಂತ, ನಾಯಿ ಕೊಂದ್ಲಂತ. ಕಂಪೌಂಡರ ಹೇಗೂ ಮೂರರ ಬಸ್ಸಿಗೆ ಕುರಿ ನೋಡಲು ಬರುತ್ತೇನೆ ಅಂದಿದ್ದಾನೆ. ಬಂದ ಮೇಲೆ ಅವನನ್ನು ಬಾಜುಕ್ಕೆ ಕರೆದು ಮೆಲ್ಲಗೆ ಹೇಳಿದರಾಯಿತು. ಹಾವೂ ಸಾಯದು, ಕೋಲೂ ಮುರಿಯದು. ಹಾಗೆ ಲೆಕ್ಕ ಹಾಕುತ್ತಿದ್ದಾಗಲೇ ಹಂಡ್ಯಾ ಎದ್ದು ನಾಲ್ಕು ಹೆಜ್ಜೆ ಇಟ್ಟು, ಕಾಲಿಗೆ ಕಾಲು ತೊಡರಿ, ಮುಖ ಅಡಿಯಾಗಿ ಬಿದ್ದಿತು. ಬಾಯಿಯ ಸುತ್ತ ಬಿಳಿ ನೊರೆ.

ಆ ಹೊತ್ತಿಗೆ ಸರಿಯಾಗಿ ಅಂದಾನೆಪ್ಪ ಸಾವ್ಕಾರ ಛತ್ರಿ ಹಿಡಿದು ಬದುವಿನ ಮೇಲೆ ಬಂದ. ಹಿಂದೆ ಮೂವರು ಆಳುಗಳು, ಹೊಲದ ಕಸ ಆರಿಸಲು ಬಂದವರು. ನಾಯಿಯನ್ನು ಕಂಡದ್ದೇ ಅವನು ನಿಂತಲ್ಲೇ ನಿಂತ.

"ಬೀರಲಿಂಗಪ್ಪಾ, ದೂರ ಸರೀ. ಹುಚ್ಚ ಹಿಡದೈತಿ ಅದಕ್ಕ."

"ಹುಚ್ಚೇನಿಲ್ರಿ ಸಾವ್ಕಾರ್ರ, ಬಿಸಲು..."

"ಯಾತರ ಬಿಸಲು? ಜೊಲ್ಲು ನೋಡು, ನೊರಿ ನೋಡು. ನಾಕ ದಿನದ ಹಿಂದ ನರಿ ಬಂದಿತ್ತು, ಇದರ ಕಿವಿ ಹರೀತು ಅಂತ ನೀನ ಹೇಳಲಿಲ್ಲ? ಹುಚ್ಚ ನರಿನ ಅದು. ನಮ್ಮ ಮಡಿವಾಳೆಪ್ಪಗ ಹಿಂಗ ಆಗಿತ್ತು."

ಮಡಿವಾಳೆಪ್ಪ ಅಂದಾನೆಪ್ಪನ ತಮ್ಮ. ಆರು ವರ್ಷದ ಹಿಂದೆ ಹುಚ್ಚುನಾಯಿ ಕಚ್ಚಿ, ಹೊಕ್ಕಳ ಸುತ್ತ ಹದಿನಾಲ್ಕು ಇಂಜೆಕ್ಷನ್ನಿಗೆ ಹೆದರಿ ಊರ ಮದ್ದು ಮಾಡಿಸಿಕೊಂಡು, ಕೊನೆಗೆ ನೀರಿನ ತಂಬಿಗೆ ಕಂಡರೆ ಚೀರಿ ಚೀರಿ ಸತ್ತವನು. ಅವನನ್ನು ಮಂಚಕ್ಕೆ ಕಟ್ಟಿದ ಕೈ ಇದೇ ಅಂದಾನೆಪ್ಪನದು. ಸಾವ್ಕಾರ ಬದುವಿನ ಮೇಲೆ ಎರಡು ಹೆಜ್ಜೆ ಹಿಂದೆ ಸರಿದುದನ್ನು ಅವಳು ನೋಡಿದಳು. ಈ ಮನುಷ್ಯ ಕೆಟ್ಟವನಲ್ಲ, ಹೆದರಿದವನು ಎಂದು ತಿಳಿಯಿತು. ತಿಳಿದು ಇನ್ನಷ್ಟು ಹೆದರಿಕೆಯಾಯಿತು. ಏಕೆಂದರೆ ಅವನ ಮಾತು ಕೇಳುತ್ತಿದ್ದಂತೆ ಅವಳಿಗೇ ಸಂಶಯ ಹುಟ್ಟಿತು. ನರಿ ಬಂದದ್ದು ಖರೆ. ಕಿವಿ ಹರಿದದ್ದು ಖರೆ. ಹಾಗಾದರೆ ಇದು ಹುಚ್ಚೇ ಇರಬಹುದಲ್ಲ? ತನ್ನ ತಪ್ಪೇ ಇಲ್ಲದಿರಬಹುದಲ್ಲ? ಎಂಥ ಸವಿಯಾದ ಸಂಶಯ ಅದು! ಬಾಯಾರಿದವಳು ಮಜ್ಜಿಗೆ ಕುಡಿದ ಹಾಗೆ ಅದನ್ನು ಒಂದು ಗುಟುಕು ಕುಡಿದಳು.

ಆಳುಗಳು ಬಡಿಗೆ ಹುಡುಕಿದರು. ಬೀರಲಿಂಗಪ್ಪ ಕೈ ಅಡ್ಡ ಹಿಡಿದ. "ಯಾರೂ ಮುಟ್ಟಬ್ಯಾಡ್ರಿ," ಅಂದ. "ಹಟ್ಟಿ ನಾಯಿನ ಪರರು ಬಡದ ಕೊಲ್ಲಬಾರದು. ಹೊಡಿಯೂದಾದ್ರ ನಾನ ಹೊಡೀತೇನಿ." ಮರದ ಬುಡಕ್ಕೆ ಹೋಗಿ ತನ್ನ ಕುರಿ ಕಾಯುವ ಕೋಲು ತಂದ. ತುದಿಗೆ ಕಬ್ಬಿಣದ ಕಟ್ಟು ಹಾಕಿದ ಕೋಲು. ಕಂಬಳಿಯನ್ನು ಎತ್ತಿ ನಾಯಿಯ ಮುಖದ ಮೇಲೆ ಹೊದಿಸಿದ, ಅದು ತನ್ನನ್ನು ನೋಡಬಾರದು ಎಂದು. ಕಂಬಳಿಯ ಕೆಳಗೆ ಹಂಡ್ಯಾನ ಬಾಲ, ಒಡೆಯನ ವಾಸನೆಗೆ ಇರಬೇಕು, ನೆಲಕ್ಕೆ ಒಂದು ಸಲ ಬಡಿಯಿತು.

ಆಗ ಸಾವಂತ್ರೆವ್ವನ ಮನಸ್ಸಿನಲ್ಲಿ ಒಂದು ಮಾತು ಎದ್ದಿತು. ಬೀಳಲಿ. ಬೇಗ ಬೀಳಲಿ. ಒಂದೇ ಏಟು, ನಾಯಿ ಹುಚ್ಚು ಹಿಡಿದು ಸತ್ತಿತು ಎಂದಾಗುತ್ತದೆ, ಎರೆಯ ಬಿರುಕು ಬಿಳಿ ನೀರು ಕುಡಿದ ಹಾಗೆ ಇದನ್ನೂ ಕುಡಿಯುತ್ತದೆ, ನಾಳೆ ಬೆಳಿಗ್ಗೆ ಗೊಟ್ಟ ಅವಳ ಕೈಯಲ್ಲೇ ಇರುತ್ತದೆ. ಆ ಮಾತನ್ನು ಅವಳು ಬೇರೆ ಯಾರೋ ಹೇಳಿದಂತೆ ಕೇಳಿಸಿಕೊಂಡಳು. ಆ ಯಾರೋ ತನ್ನದೇ ದನಿಯಲ್ಲಿ, ತನ್ನದೇ ಅಳ್ನಾವರದ ಉಚ್ಚಾರದಲ್ಲಿ ಮಾತಾಡುತ್ತಿದ್ದಳು. ಛೀ ಅನ್ನಿಸಿತು. ಹೇಸಿಗೆ ತುಳಿದರೆ ಕಾಲು ತೊಳೆದುಕೊಳ್ಳಬಹುದು. ಇದನ್ನು ಎಲ್ಲಿ ತೊಳೆಯುವುದು? ಕೋಲು ಮೇಲೆದ್ದಿತು. ಕಣ್ಣ ಮುಂದೆ ಖಾದರಬಿ ಕೈ ಚಾಚಿ ನಿಂತು ಇವಳನ್ನೇ ನೋಡುತ್ತಿದ್ದಳು.

"ಮಾವಾ, ಬ್ಯಾಡ್ರೀ!"

ಆ ಕೂಗು ಎಷ್ಟು ದೊಡ್ಡದಿತ್ತೆಂದರೆ ಎಂಬತ್ತು ಕುರಿಗಳೂ ಒಮ್ಮೆಲೇ ಆಚೆ ತಡಿಕೆಗೆ ಹೋಗಿ ಒತ್ತಿದವು. ಅವಳು ಕೊಡ ಚೆಲ್ಲಿ ಓಡಿ, ಕೋಲಿನ ಕೆಳಗೇ ಕೂತು, ಕಂಬಳಿಯೊಂದಿಗೆ ನಾಯಿಯ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು.

"ಹುಚ್ಚಲ್ರಿ ಇದು. ನಾ ಮಾಡಿದ್ದರಿ. ನಾನ ಔಷಧ ಹೆಚ್ಚ ಹಾಕೇನ್ರಿ."

ಅಂದಾನೆಪ್ಪ, ಬೈಯುವ ದನಿಯಲ್ಲಲ್ಲ, ಮರುಕದಿಂದಲೇ, "ಸುಳ್ಳ ಹೇಳಾಕತ್ತಾಳ ಬೀರಲಿಂಗಪ್ಪಾ. ಹೆಣ್ಣ ಕರಳು, ನಾಯಿ ಉಳೀಲಿ ಅಂತ ತನ್ನ ಮ್ಯಾಲ ಹಾಕ್ಕೊಳ್ಳಾಕತ್ತಾಳ. ಏಳ ಬೇ, ಜೊಲ್ಲ ಮುಟ್ಟಬ್ಯಾಡ," ಅಂದ.

ಇದೊಳ್ಳೆ ಕತೆಯಾಯಿತಲ್ಲ! ಬಚ್ಚಿಡಬೇಕೆಂದಾಗ ಯಾರೂ ಕೇಳಲಿಲ್ಲ. ಬಿಚ್ಚಿ ಹೇಳಿದರೆ ಯಾರೂ ನಂಬುವುದಿಲ್ಲ. ಅವಳಿಗೆ ಅಂಥ ಹೊತ್ತಿನಲ್ಲೂ ನಗು ಬರುವಂತಾಯಿತು.

"ಖರೇನರಿ ಸಾವ್ಕಾರ್ರ. ಬೋಗಾಣಿ ತಳದಾಗಿಂದು ಹಾಕೇನ್ರಿ, ಗಟ್ಟಿ ಇತ್ತು."

"ಎಲ್ಲೈತಿ ಬೋಗಾಣಿ? ತಾ, ನೋಡೂಣು."

ಆಳೊಬ್ಬ ತಂದು ಎತ್ತಿ ಹಿಡಿದ. ಕನ್ನಡಿಯಂಥ ಬೋಗಾಣಿ. ಅದರಲ್ಲಿ ಆಕಾಶ ಕಾಣುತ್ತಿತ್ತು.

ಬೀರಲಿಂಗಪ್ಪ ಬೋಗಾಣಿಯನ್ನು ನೋಡಿದ, ಸೊಸೆಯನ್ನು ನೋಡಿದ. ಕೋಲು ಇನ್ನೂ ಕೆಳಗೆ ಬಂದಿರಲಿಲ್ಲ. "ಇದನ್ಯಾವಾಗ ತೊಳದಿ?"

"ಈಗರಿ. ಹಂಡ್ಯಾನ ಜೊಲ್ಲು ನೋಡಿದ ಮ್ಯಾಲೆ."

"ಯಾಕ ತೊಳದಿ?"

ಇಲ್ಲೊಂದು ಸುಳ್ಳಿಗೆ ಜಾಗವಿತ್ತು. ಪಾತ್ರೆ ಯಾರಾದರೂ ತೊಳೆಯುತ್ತಾರೆ, ಅದರಲ್ಲೇನು? ಹೊಲಸಾಗಿತ್ತು, ತೊಳೆದೆ, ಎಂದರೆ ಮುಗಿಯಿತು. ಔಷಧ ಹೆಚ್ಚಾದದ್ದು ಕೈ ತಪ್ಪಿನಿಂದ ಎಂದಾಗುತ್ತದೆ. ಕೈ ತಪ್ಪು ದೇವರೂ ಕ್ಷಮಿಸುತ್ತಾನೆ. ಬೋಗಾಣಿ ತಿಕ್ಕಿದ್ದು ಕೈಯಲ್ಲ. ಅವಳು ತಲೆ ಎತ್ತಿದಳು. ಸೆರಗು ಜಾರಿ ಬೆನ್ನ ಮೇಲೆ ಬಿದ್ದಿತ್ತು. ಮಾವನ ಮುಂದೆ ಬರಿತಲೆ. ಎಳೆದುಕೊಳ್ಳಲು ಕೈ ಬಿಡುವಿರಲಿಲ್ಲ.

"ನಿಮಗ ಗೊತ್ತಾಗಬಾರದು ಅಂತ ತೊಳದೇನ್ರಿ. ಗೊತ್ತಾದ್ರ ನನ್ನ ಕಡೆ ಗೊಟ್ಟಾ ಕೊಡಂಗಿಲ್ಲ ಅಂತ. ಈಗಿನ್ನ ನೀವು ಕೋಲ ಎತ್ತಿದಾಗ ನಾ ಸುಮ್ಮನ ನಿಂತಿದ್ದೆ. ಬಿದ್ದಬಿಡಲಿ ಅಂದುಕೊಂಡಿದ್ದೆ."

ಹೇಳಿ ಮುಗಿಯಿತು. ಭೂಮಿ ಬಾಯಿ ಬಿಡಲಿಲ್ಲ. ಕುರಿಯೊಂದು ಕೆಮ್ಮಿತು. ಬೀರಲಿಂಗಪ್ಪ ಬಹಳ ಹೊತ್ತು ಅವಳ ಮುಖವನ್ನೇ ನೋಡಿದ. ಮದುವೆಯಾಗಿ ಬಂದ ಒಂಬತ್ತು ವರ್ಷದಲ್ಲಿ ಅವನು ಅಷ್ಟು ಹೊತ್ತು ಅವಳನ್ನು ನೋಡಿರಲಿಲ್ಲ. ಆಮೇಲೆ ಕೋಲನ್ನು ನೆಲಕ್ಕೆ ಊರಿದ.

"ಎಷ್ಟ ಹಾಕಿದಿ?"

"ಒಂದು ತುಂಬ ಗೊಟ್ಟಾರಿ."

"ಕಂಪೌಂಡರ ಎಷ್ಟಂದಿದ್ದ?"

"ಕಾಲು."

"ಹೂಂ," ಎಂದು ಮುದುಕ ಅಂದಾನೆಪ್ಪನ ಕಡೆ ತಿರುಗಿದ. "ಸಾವ್ಕಾರ್ರ, ಇಂಥಾ ಮಾತ ಯಾರೂ ಸುಳ್ಳ ಹೇಳಂಗಿಲ್ರಿ. ನಾಯಿ ಸಲುವಾಗಂತೂ ಹೇಳಂಗಿಲ್ಲ."

"ಆದ್ರ ನರಿ ಕಡದದ್ದು?" ಸಾವ್ಕಾರನ ದನಿ ಒಡೆಯಿತು. "ಇದು ಎದ್ದು ಯಾರನ್ನರ ಕಡದ್ರ ನೀ ಹೊಣಿ ಏನು? ನಾ ನೋಡೇನಿ, ಬೀರಲಿಂಗಪ್ಪಾ. ಕಣ್ಣಾರೆ ನೋಡೇನಿ."

"ನಾ ಹೊಣೆರಿ," ಎಂದಳು ಸಾವಂತ್ರೆವ್ವ. "ಮೂರರ ಬಸ್ಸಿಗೆ ಕಂಪೌಂಡರ ಬರ್ತಾರ. ಅಲ್ಲಿತನಕ ಇದರ ಕಾಲು ಕಟ್ರಿ, ನಾ ಹಿಡಕೊಂಡ ಕುಂದರ್ತೇನಿ. ಹುಚ್ಚ ಅಂತ ಅವರಂದ್ರ ನೀವು ಹೇಳಿದಂಗ ಆಗ್ಲಿ."

ಅಂದಾನೆಪ್ಪ ಹೋಗಲಿಲ್ಲ. ಇಪ್ಪತ್ತು ಹೆಜ್ಜೆ ದೂರ ಬದುವಿನ ಮೇಲೆ ಛತ್ರಿಯ ಕೆಳಗೆ ಕೂತ. ಬೀರಲಿಂಗಪ್ಪ ನಾಯಿಯ ಕಾಲಿಗೆ ಹಗ್ಗ ಹಾಕಿ, ಒದ್ದೆ ಗೋಣಿ ತಂದು ಹೊದಿಸಿ, ಅವಳ ಎದುರಿಗೆ ಕುಕ್ಕರಗಾಲಲ್ಲಿ ಕೂತ. ಸಾವಂತ್ರೆವ್ವನ ತೊಡೆಯ ಮೇಲೆ ಹಂಡ್ಯಾನ ಮೈ ಸೆಟೆದುಕೊಂಡು, ನಡುಗಿ, ಸಡಿಲವಾಗಿ, ಮತ್ತೆ ಸೆಟೆದುಕೊಳ್ಳುತ್ತಿತ್ತು. ಬಿಸಿ ಜೊಲ್ಲು ಮೊಣಕೈತನಕ ಹರಿದು ಒಣಗಿ ಅಂಟಾಯಿತು. ಇದು ಹುಚ್ಚೇ ಆಗಿದ್ದರೆ? ಅವಳ ಬೆರಳ ತುದಿಯಲ್ಲಿ, ಬೋಗಾಣಿ ಕೆರೆದಲ್ಲಿ, ಉಗುರು ಕಿತ್ತು ಗಾಯವಾಗಿತ್ತು. ಹದಿನಾಲ್ಕು ಇಂಜೆಕ್ಷನ್ ಎಣಿಸಿ ನೋಡಿದಳು, ಹೊಕ್ಕಳ ಸುತ್ತ, ಒಂದು, ಎರಡು. ಹೆದರಿಕೆ ಇತ್ತು. ಇಲ್ಲ ಅನ್ನುವುದೇಕೆ, ಕೈಕಾಲು ತಣ್ಣಗಾಗುವಷ್ಟು ಇತ್ತು. ಆದರೆ ಇದು ನೇರವಾದ ಹೆದರಿಕೆ. ಎದುರು ನಿಂತು ನೋಡಬಹುದಾದದ್ದು. ಬೆಳಗಿನಿಂದ, ಬೆಳಗಿನಿಂದಲೇ ಏಕೆ, ಈ ಮನೆಗೆ ಬಂದಾಗಿನಿಂದ ಯಾರೇನು ಅಂದಾರು ಎಂದು ಬೆನ್ನ ಹಿಂದೆ ಅಳುಕುತ್ತ ಬರುತ್ತಿದ್ದದ್ದು ಈಗ ಅಲ್ಲಿರಲಿಲ್ಲ. ಅವಳು ತಿರುಗಿ ನೋಡಿದಂತೆಯೇ ಮಾಡಿದಳು: ಹೌದು, ಇರಲಿಲ್ಲ. ಅಂದರೆ ಅನ್ನಲಿ. ಅನ್ನುವುದನ್ನು ತಾನೇ ಅಂದುಕೊಂಡಾಗಿದೆಯಲ್ಲ, ಇನ್ನು ಉಳಿದವರ ಪಾಲಿಗೆ ಏನಿದೆ? ಹಂಡ್ಯಾ, ಏಳೋ ನಮ್ಮಪ್ಪ, ಎಂದು ಅದರ ಕಿವಿಯಲ್ಲಿ ಹೇಳುತ್ತಲೇ ಇದ್ದಳು. ಒಮ್ಮೆ ಉಸಿರು ನಿಂತೇಬಿಟ್ಟಿತು ಅನ್ನಿಸಿ ಪಕ್ಕೆಗೆ ಗುದ್ದಿದಳು. ಮುದುಕ ಎದ್ದು ನಿಂತ. ಉಸಿರು ಬಂದಿತು. ಮುದುಕ ಮತ್ತೆ ಕುಕ್ಕರಿಸಿದ. ಅವನ ಕಣ್ಣಿನಿಂದ ನೀರು ಗಡ್ಡಕ್ಕಿಳಿಯುತ್ತಿತ್ತು. ಒರೆಸಿಕೊಳ್ಳುವ ಗೋಜಿಗೂ ಅವನು ಹೋಗಲಿಲ್ಲ.

ಬಸ್ಸು ಅರ್ಧ ತಾಸು ತಡವಾಗಿ ಬಂತು. ಅಲ್ಲಾಸಾಬ ಕಂಪೌಂಡರ, ಬಿಳಿ ಪಾಯಿಜಾಮದ ತುದಿ ಎತ್ತಿಕೊಂಡು, ಚರ್ಮದ ಚೀಲ ತೂಗುತ್ತ ಹೊಲದೊಳಗೆ ಓಡೋಡಿ ಬಂದ. ದಾರಿಯಲ್ಲೇ ಯಾರೋ ಸುದ್ದಿ ಮುಟ್ಟಿಸಿದ್ದರು. ಕೂತವನೇ ನಾಯಿಯ ರೆಪ್ಪೆ ಬಿಡಿಸಿದ, ವಸಡು ಒತ್ತಿದ.

"ಏನ ಹಾಕಿದ್ರಿ, ಎಷ್ಟು, ಯಾವಾಗ? ತಂಗೀ, ಅಳತಿ ಖರೇ ಹೇಳ್ರಿ. ಅದರ ಮ್ಯಾಲೆ ನನ್ನ ಇಂಜೆಕ್ಷನ್ ಐತಿ."

"ತುಂಬ ಗೊಟ್ಟಾರಿ. ತಳದ್ದು. ಕಲಕಿರಲಿಲ್ಲ. ಹೊತ್ತು ಇಲ್ಲಿತ್ತು," ಎಂದು ಅವಳು ಕೈ ಎತ್ತಿ ಆಕಾಶದಲ್ಲಿ ಜಾಗ ತೋರಿಸಿದಳು. ಕಾಳಿನ ಧಾರಣೆ ಹೇಳುವವಳ ಹಾಗೆ ಹೇಳಿದಳು.

"ಕಲಕ್ರಿ ಅಂದಿದ್ದೆ."

"ಅಂದಿದ್ರಿ. ನಾ ಕಲಕಲಿಲ್ಲ."

ಅಲ್ಲಾಸಾಬ ತಲೆಯಾಡಿಸಿ ಸೂಜಿ ತೆಗೆದ. ಚುಚ್ಚಿ, ಜೊಲ್ಲು ಗಂಟಲಿಗಿಳಿಯದಂತೆ ನಾಯಿಯ ಕತ್ತನ್ನು ಓರೆ ಮಾಡಿ ಹಿಡಿಸಿ, ಬದುವಿನತ್ತ ಕೂಗಿದ: "ಸಾವ್ಕಾರ್ರ, ನರಿ ಕಡದ ನಾಕ ದಿನಕ್ಕ ಹುಚ್ಚ ಹಿಡಿಯಂಗಿಲ್ರಿ. ಇದು ಔಷಧದ ನಂಜು. ಲಕ್ಷಣ ಎಲ್ಲಾ ಅದನ್ನ ಹೇಳತಾವ. ನಿಮ್ಮ ಸಮಾಧಾನಕ್ಕ ಬೇಕಂದ್ರ ಒಂದಷ್ಟು ದಿನ ಕಟ್ಟಿ ಹಾಕ್ಲಿ." ಮತ್ತೆ ತನ್ನಷ್ಟಕ್ಕೆ, ಗಡಿಯಾರ ನೋಡುತ್ತ, "ಈ ತಂಗಿ ಬಾಯಿ ಬಿಡದಿದ್ರ ನಾ ಬರೂದ್ರಾಗ ಕುಣಿ ತಗದಿರತಿದ್ರಿ," ಅಂದ.

ಆಮೇಲೆ ಕಾದರು. ಮೊದಲು ಜೊಲ್ಲು ಕಡಿಮೆಯಾಯಿತು. ತೊಡೆ ಒಣಗುತ್ತ ಬಂದದ್ದು ಅವಳಿಗೇ ಮೊದಲು ಗೊತ್ತಾಯಿತು. ಗೊತ್ತಾದರೂ ಹೇಳಲು ಧೈರ್ಯ ಬರಲಿಲ್ಲ. ನಡುಕ ಅಲೆಅಲೆಯಾಗಿ ಬರುತ್ತಿದ್ದದ್ದು ದೂರ ದೂರವಾಯಿತು. ಕುರಿಗಳ ನೆರಳು ಉದ್ದವಾದವು. ಅಲ್ಲಾಸಾಬ ಎರಡನೆಯ ಸೂಜಿ ಹಾಕಿ, ಕಾಲಿನ ಹಗ್ಗ ಬಿಚ್ಚಿಸಿ ಕತ್ತಿಗೆ ಕಟ್ಟಿಸಿದ. ಹೊತ್ತು ಜಾಲಿಯ ಟೊಂಗೆಗೆ ಇಳಿದಾಗ ಹಂಡ್ಯಾ ಕಣ್ಣು ತೆರೆದು, ಸಾವಂತ್ರೆವ್ವನ ಮುಖವನ್ನು ಒಂದು ಗಳಿಗೆ ಗುರುತು ಹಚ್ಚುವವರ ಹಾಗೆ ನೋಡಿ, ಅವಳ ಗದ್ದ ನೆಕ್ಕಿತು. ಮುಂಗಾಲು ಊರಿತು. ಹಿಂಗಾಲು ಒಪ್ಪಲಿಲ್ಲ, ಕುಸಿಯಿತು. ಮತ್ತೆ ಊರಿತು. ನಾಲ್ಕೂ ಕಾಲಿನ ಮೇಲೆ ತೂರಾಡುತ್ತ ನಿಂತಿತು.

"ನಿಂತಿತಲ್ಲೋ ನಮ್ಮ ಹುಲಿ!" ಬೀರಲಿಂಗಪ್ಪ ಕೂಗಿದ.

ಅಂದಾನೆಪ್ಪ ಬದುವಿನಿಂದ ಇಳಿದು, ನಾಯಿ ನೀರು ಕುಡಿಯುತ್ತದೋ ಇಲ್ಲವೋ ಕಣ್ಣಾರೆ ನೋಡಬೇಕೆಂದು, ಛತ್ರಿಯನ್ನು ಗುರಾಣಿಯ ಹಾಗೆ ಮುಂದೆ ಹಿಡಿದು ಒಂದೊಂದೇ ಹೆಜ್ಜೆ ಬಂದ. ಹಂಡ್ಯಾನ ಎದುರಿಗೆ ಅವಳು ತಾಟಿನಲ್ಲಿ ನೀರಿಟ್ಟಳು. ಅದು ಲೊಚಲೊಚನೆ, ತಾಟಿನ ತಳ ಕಾಣುವತನಕ, ಮೂಗಿಗೆಲ್ಲ ನೀರು ಸಿಡಿಸಿಕೊಂಡು ಕುಡಿಯಿತು. ಸಾವ್ಕಾರ ಛತ್ರಿ ಇಳಿಸಿದ. ಅವನ ಮುಖದಲ್ಲಿ ಆರು ವರ್ಷದ ಹಿಂದೆ ತಮ್ಮ ಕುಡಿಯದೆ ಹೋದ ಯಾವುದೋ ತಂಬಿಗೆ ನೀರು ಕಂಡು ಮರೆಯಾಯಿತು. "ಕುಡೀತಲ್ಲೋ," ಅಂದ, "ಶಿವನ, ಕುಡೀತಲ್ಲೋ," ಎಂದು ಬಾಗಿ ಇನ್ನೂ ಹತ್ತಿರ ಬಂದ. ಹಂಡ್ಯಾ ತಲೆ ಎತ್ತಿ, ಹಟ್ಟಿಯ ಹತ್ತಿರ ಪರಕೀಯನೊಬ್ಬ ಕಪ್ಪು ಬಟ್ಟೆಯ ಏನನ್ನೋ ಹಿಡಿದು ನಿಂತದ್ದನ್ನು ಕಂಡು, ಇದ್ದಬದ್ದ ಶಕ್ತಿಯನ್ನೆಲ್ಲ ಒಟ್ಟುಮಾಡಿ ಒಂದು ಬೊಗಳು ಬೊಗಳಿತು. ಬೊಗಳಿದ ರಭಸಕ್ಕೆ ತಾನೇ ಹಿಂದಕ್ಕೆ ಕುಕ್ಕರಿಸಿತು. ಸಾವ್ಕಾರನೂ ಕುಕ್ಕರಿಸಿದ, ಛತ್ರಿ ಒಂದು ಕಡೆ, ರುಮಾಲು ಒಂದು ಕಡೆ. ಇಬ್ಬರೂ ಎದುರಾಬದುರು ನೆಲದ ಮೇಲೆ ಕೂತು ಒಬ್ಬರನ್ನೊಬ್ಬರು ನೋಡಿದರು.

ಸಾವಂತ್ರೆವ್ವನಿಗೆ ನಗು ಬಂತು. ಬಾಯಿ ಮುಚ್ಚಿಕೊಂಡಳು, ನಿಲ್ಲಲಿಲ್ಲ. ಹೊಟ್ಟೆಯ ಬುಡದಿಂದ ಎದ್ದು, ಗಂಟಲು ಹರಿಯುವಂತೆ, ಹೊಲದ ಆಚೆಯ ದಂಡೆಗೆ ಕೇಳುವಂತೆ ನಕ್ಕಳು. ಹಿರಿಯರ ಮುಂದೆ, ಪರಗಂಡಸರ ಮುಂದೆ, ಬರಿತಲೆಯಲ್ಲಿ, ಜೊಲ್ಲು ಮೆತ್ತಿದ ಸೀರೆಯಲ್ಲಿ ಕೂತು ನಕ್ಕಳು. ನಗುತ್ತ ಅತ್ತಳು, ಅಳುತ್ತ ಮತ್ತೆ ನಕ್ಕಳು. ಮೊದಲು ಅಲ್ಲಾಸಾಬ ನಕ್ಕ, ಆಮೇಲೆ ಆಳುಗಳು, ಕೊನೆಗೆ ರುಮಾಲು ಕೊಡವಿಕೊಳ್ಳುತ್ತ ಅಂದಾನೆಪ್ಪನೂ. ನಗದೆ ಉಳಿದವನು ಬೀರಲಿಂಗಪ್ಪ ಒಬ್ಬನೇ. ಅವನು ಎದ್ದು, ನೆಲದ ಮೇಲೆ ಬಿದ್ದಿದ್ದ ಗೊಟ್ಟವನ್ನು ಎತ್ತಿಕೊಂಡ. ಅವಳ ನಗು ಅಲ್ಲಿಗೆ ನಿಂತಿತು. ಮುದುಕ ಗೊಟ್ಟದ ಬಾಯಿಗೆ ಮೆತ್ತಿದ್ದ ಮಣ್ಣನ್ನು ಧೋತರದ ಚುಂಗಿನಿಂದ ಒರೆಸಿದ, ಒಳಗೆ ಊದಿದ, ಬೆಳಕಿಗೆ ಹಿಡಿದು ಒಂದು ಕಣ್ಣಿನಿಂದ ನೋಡಿದ.

"ನಾಳೆ ತಿರಕ ಮೂವತ್ತ ಟಗರು ತರ್ತಾನ," ಅಂದ. "ಅವಕ್ಕ ಯಾರ ಹಾಕಬೇಕು?"

ಮಧ್ಯಾಹ್ನವಾಗಿದ್ದರೆ ಈ ಪ್ರಶ್ನೆಗೆ ಅವಳು ನೆಲ ನೋಡುತ್ತಿದ್ದಳು. ಈಗ ಎದ್ದು ನಿಂತಳು. ಕಾಲು ಜೋಮು ಹಿಡಿದಿತ್ತು, ಕೈ ಚಾಚಿದ್ದು ಮಾತ್ರ ನೆಟ್ಟಗಿತ್ತು.

"ನಾನ ಹಾಕ್ತೇನ್ರಿ. ಅಳತಿ ನನಗ ಗೊತ್ತೈತಿ. ಆದ್ರ ಟಗರು ನನ್ನ ಕಾಲಾಗ ನಿಂದರೂದಿಲ್ರಿ ಮಾವಾ. ನೀವು ಹಿಡೀಬೇಕು."

ಆಳುಗಳು ಮುಖ ಮುಖ ನೋಡಿಕೊಂಡರು. ಬೀರಲಿಂಗಪ್ಪ ಗೊಟ್ಟವನ್ನು ಅವಳ ಕೈಯಲ್ಲಿಟ್ಟ. ಇಟ್ಟು, ಟಗರಿನ ಕೋಡು ಹಿಡಿಯಲು ಈಗಲೇ ಅಣಿಯಾಗುವವನ ಹಾಗೆ ಎರಡೂ ಅಂಗೈಗಳನ್ನು ಉಜ್ಜಿಕೊಂಡ.

"ಹಿಡೀತೇನಿ," ಅಂದ.